ಹಾಲಿನ ಪುಸ್ತಕದಲ್ಲಿ ಅಪ್ಪನ ಸಹಿ

ಜೂನ್ 14, 2025, ಶನಿವಾರ

ಅಪ್ಪನ ಲಿವರ್‌ಗೆ ಟಿಪ್ಸ್ ಶಂಟ್ ಹಾಕಿಸಿ ಇವತ್ತಿಗೆ 19 ದಿನ. ಹೊಟ್ಟೆಯ ನೀರು ಇಳಿದಿದೆ. ಪಂಚೆ ಮತ್ತೆ ಸೊಂಟಕ್ಕೆ ನಿಲ್ಲುತ್ತಿದೆ. ಇನ್ನು ಭಯವಿಲ್ಲ ಅಂದುಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದವರು ಸಂಜೆ ಆರರವರೆಗೂ ಏಳಲಿಲ್ಲ. ಪಾಪ, ಸುಸ್ತಾಗಿದೆ, ಮಲಗಲಿ ಅಂತ ಬಿಟ್ಟೆ. ಅದೇ ನನ್ನ ತಪ್ಪು. ರಾತ್ರಿ ಎರಡಕ್ಕೆ ನೋಡಿದರೆ ಹಾಲಿನ ಕ್ಯಾನ್ ಹುಡುಕುತ್ತಾ ಅಡುಗೆಮನೆಯಲ್ಲಿ ನಿಂತಿದ್ದರು. ಹಗಲು ರಾತ್ರಿ ಅದಲುಬದಲಾಗುವುದು ಮೆದುಳು ಮಂಕಾಗುತ್ತಿರುವುದರ ಮೊದಲ ಸೂಚನೆ ಅಂತ ಡಾಕ್ಟರ್ ಹೇಳಿಯೇ ಕಳಿಸಿದ್ದರು.

ಕರುಳಿನಿಂದ ಬರುವ ರಕ್ತವನ್ನು ಲಿವರ್ ಸೋಸಬೇಕು. ಶಂಟ್ ಅಂದರೆ ಲಿವರ್ ಒಳಗೇ ಕೂರಿಸಿದ ಅಡ್ಡದಾರಿ. ಒತ್ತಡ ಇಳಿಯುತ್ತದೆ, ಆದರೆ ಸೋಸದ ರಕ್ತ ನೇರ ಮುಂದೆ ಹೋಗುತ್ತದೆ. ಅದರಲ್ಲಿರುವ ಅಮೋನಿಯ ಮೆದುಳನ್ನು ಮಂಕು ಮಾಡುತ್ತದೆ. ಮೊದಲ ಕೆಲವು ತಿಂಗಳು ಈ ಅಪಾಯ ಜಾಸ್ತಿ.

ಅದಕ್ಕೇ ಶಂಟ್‌ಗೆ ಎರಡು ವಾರ ಮುಂಚೆಯೇ ರಿಫಾಕ್ಸಿಮಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಶುರುಮಾಡಿದ್ದರು. ಫ್ರಾನ್ಸ್‌ನಲ್ಲಿ 197 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂದಿದೆ. ಸುಮಾರು ಐದೂವರೆ ತಿಂಗಳಲ್ಲಿ, ಬರೀ ಹುಸಿಮಾತ್ರೆ ನುಂಗಿದವರಲ್ಲಿ ನೂರಕ್ಕೆ 53 ಜನರಿಗೆ ಮಂಕು ಬಂತು, ರಿಫಾಕ್ಸಿಮಿನ್ ತೆಗೆದುಕೊಂಡವರಲ್ಲಿ 34 ಜನರಿಗೆ. ಕಡಿಮೆಯಾಯಿತು, ನಿಂತೇ ಹೋಗಲಿಲ್ಲ. ಉಳಿದದ್ದನ್ನು ಮನೆಯಲ್ಲೇ ಕಾಯಬೇಕು.

ಬೆಳಿಗ್ಗೆ ಕೇಳಿದ ಮೇಲೆ ಗೊತ್ತಾಯಿತು, ಎರಡು ದಿನದಿಂದ ಹೊಟ್ಟೆ ಹೋಗಿಲ್ಲ. ಗುರುವಾರ ನಾಮಕರಣಕ್ಕೆ ಹೋಗಬೇಕಿತ್ತಲ್ವಾ, ಅಲ್ಲಿ ಪದೇಪದೇ ಎದ್ದು ಹೋಗುವುದು ಹೇಗೆ ಅಂತ, ಹೊಟ್ಟೆ ಸಡಿಲಿಸಿ ಅಮೋನಿಯ ಹೊರಹಾಕುವ ಲ್ಯಾಕ್ಟುಲೋಸ್ ಸಿರಪ್ ಬಿಟ್ಟಿದ್ದರು. ನಾಚಿಕೆ. ಅವರನ್ನು ಬೈಯಲು ಮನಸ್ಸು ಬರಲಿಲ್ಲ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಲೇಬೇಕು, ಔಷಧಿಯ ಅಳತೆ ಅದೇ. ಹಾಗಂತ ತೀರಾ ಭೇದಿಯಾಗಿ ನೀರು ಕಳೆದುಕೊಂಡರೂ ತಲೆ ಮಂಕಾಗುತ್ತದೆ.

ಮಂಕು ಬಂದರೆ ಬರಹದಲ್ಲೇ ಗೊತ್ತಾಗಲಿ ಅಂತ ಹಾಲಿನ ಲೆಕ್ಕದ ಪುಸ್ತಕದಲ್ಲಿ ದಿನಾ ಸಹಿ ಮಾಡಿಸುತ್ತೇನೆ. ಇವತ್ತಿನದು ಗೆರೆ ಬಿಟ್ಟು ಮೇಲೆ ಹತ್ತಿತ್ತು. ಕೈ ಮುಂದೆ ಚಾಚಿ, ನಿಲ್ಲು ಅನ್ನುವ ಹಾಗೆ ಅಂಗೈ ಎತ್ತಿ ಹಿಡಿಯಿರಿ ಅಂದೆ, ಬೆರಳುಗಳು ರೆಕ್ಕೆಯ ಹಾಗೆ ಬಡಿದವು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳ್ತೀರಪ್ಪ ಅಂದರೆ ಏಳಕ್ಕೇ ನಿಂತರು. ಹೋದ ವಾರ ಹದಿನೇಳು ಹೇಳಿದ್ದರು. ಕೂಡಲೇ ಕರೆದುಕೊಂಡು ಹೋದೆವು. ಸೋಡಿಯಂ, ಪೊಟ್ಯಾಸಿಯಂ ನೋಡಿದರು, ಸೋಂಕು ಇದೆಯಾ ಅಂತಲೂ ನೋಡಿದರು. ಲವಣ ಸರಿಯಿತ್ತು, ಸೋಂಕು ಇರಲಿಲ್ಲ. ಸಿರಪ್ ಜಾಸ್ತಿ ಮಾಡಿ, ಸಂಜೆವರೆಗೆ ಇರಿಸಿಕೊಂಡು ಕಳಿಸಿದರು. ನಿದ್ದೆ ಮಾತ್ರೆ ಮಾತ್ರ ಯಾರು ಹೇಳಿದರೂ ಬೇಡ ಅಂದರು.

ಅತ್ತೆ ಫೋನ್ ಮಾಡಿ ಬೇಳೆ, ಮೊಸರು ನಿಲ್ಲಿಸು ಅಂದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಪ್ರೋಟೀನ್ ತಿಂದರೆ ಅಮೋನಿಯ ಹೆಚ್ಚುತ್ತದೆ, ಬಿಡಿಸಬೇಕು ಅನ್ನುವುದು ಹಳೆಯ ಲೆಕ್ಕ. ಮೈಯ ಮಾಂಸಖಂಡವೂ ಅಮೋನಿಯವನ್ನು ಹಿಡಿಯುತ್ತದೆ, ಅದು ಕರಗಬಾರದು. ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಹೊಟ್ಟೆ ಹೆಚ್ಚು ಹೊತ್ತು ಖಾಲಿ ಬಿಡಬಾರದು. ಎಷ್ಟೋ ವರ್ಷದ ಏಕಾದಶಿ ಉಪವಾಸವನ್ನು ಅಪ್ಪ ಬಿಟ್ಟಿದ್ದಾರೆ. ಅದು ಅವರಿಗೆ ಸಣ್ಣ ಮಾತಲ್ಲ.

ಈಗ ರಾತ್ರಿ ಹತ್ತು. ಮೊಸರವಲಕ್ಕಿ ತಿನ್ನುತ್ತಾ ತಾವಾಗೇ ಪ್ರಾಣಿಗಳ ಹೆಸರು ಹೇಳುತ್ತಿದ್ದಾರೆ. ಎಮ್ಮೆ, ಹೋರಿ, ಕಾಡುಪಾಪ, ಮುಂಗುಸಿ. ಹದಿಮೂರಾಯಿತು. ಹದಿನಾಲ್ಕನೆಯದಕ್ಕೆ ಗೌರಿ ಅಂದರು, ನಮ್ಮ ಹಳೆ ಹಸುವಿನ ಹೆಸರು. ಅದನ್ನೂ ಬರೆದುಕೊಂಡೆ.