ತ್ರಿಜ್ಯ ಎಲ್ಲಿಂದ ಬಂತು? ಬ್ರೌನಿಯನ್ ಚಲನೆ ಪ್ರಯೋಗ ಮಾಡಿಸುವವರಿಗೆ

ಬ್ರೌನಿಯನ್ ಚಲನೆಯ (ನೀರಿನ ಅಣುಗಳ ಬಡಿತಕ್ಕೆ ಸೂಕ್ಷ್ಮ ಮಣಿಗಳು ಕುಣಿಯುವುದರ) ಪ್ರಯೋಗ ಮುಗಿಸಿ ವಿದ್ಯಾರ್ಥಿ ಅವೊಗ್ಯಾಡ್ರೊ ಸಂಖ್ಯೆ, ಅಂದರೆ ಒಂದು ಮೋಲ್‌ನಲ್ಲಿರುವ ಅಣುಗಳ ಎಣಿಕೆ, 6.02 × 10²³ ಎಂದು ಬರೆದು ತಂದರೆ ಮೊದಲು ಕೇಳಬೇಕಾದದ್ದು ಒಂದೇ: ಮಣಿಯ ತ್ರಿಜ್ಯ ಎಲ್ಲಿಂದ ತಗೊಂಡೆ? ಡಿಎಲ್‌ಎಸ್ (ಚದುರಿದ ಬೆಳಕಿನ ಏರಿಳಿತದಿಂದ ಕಣದ ಗಾತ್ರ ಹೇಳುವ) ಯಂತ್ರದಿಂದ ಅಂದರೆ ಆ ಉತ್ತರ ಅಣುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಯಂತ್ರವೂ ಮಣಿಗಳ ಕುಣಿತವನ್ನೇ ನೋಡಿ, ಉಷ್ಣತೆಯನ್ನು ಅಣುಗಳ ಶಕ್ತಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಮೊದಲೇ ಹಾಕಿಕೊಂಡು ತ್ರಿಜ್ಯ ಕೊಡುತ್ತದೆ. ಅದೇ ಸ್ಥಿರಾಂಕವನ್ನು ನಾವು ವಾಪಸ್ ತೆಗೆಯುತ್ತೇವೆ, ಅವೊಗ್ಯಾಡ್ರೊ ಸಂಖ್ಯೆ ಬರುವುದು ಅದರಿಂದಲೇ. ಹುಂಡಿಗೆ ಹಾಕಿದ ಕಾಸು ಹುಂಡಿಯಲ್ಲೇ ಸಿಕ್ಕಿತು, ಅಷ್ಟೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದ ವ್ಯಾಸವಿರುವ ಮಣಿಗಳನ್ನೇ ತರಿಸಿ. ಬಾಟಲಿ ಮೇಲಿರುವುದು ವ್ಯಾಸ ಎಂಬುದೂ ನೆನಪಿರಲಿ. ಅದನ್ನೇ ತ್ರಿಜ್ಯ ಅಂದುಕೊಂಡರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ.

1908ರಲ್ಲಿ ಈ ಪ್ರಯೋಗ ಮಾಡಿದ ಫ್ರೆಂಚ್ ಭೌತವಿಜ್ಞಾನಿ ಝಾನ್ ಪೆರಿನ್ ಬಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇರಲಿಲ್ಲ. ಬಳಸಿದ್ದು ಗ್ಯಾಂಬೋಜ್ ಎಂಬ ಹಳದಿ ಅಂಟಿನ ಕಣಗಳನ್ನು (ನಮ್ಮ ಮುರುಗಲು, ಉಪ್ಪಾಗೆಗಳ ಕುಲಕ್ಕೇ ಸೇರಿದ ಮರದ ಅಂಟು ಅದು). ತ್ರಿಜ್ಯವನ್ನು ಮೂರು ದಾರಿಯಲ್ಲಿ ಅಳೆದರು: ಕಣಗಳು ನೀರಿನಲ್ಲಿ ತಳಕ್ಕಿಳಿಯುವ ವೇಗದಿಂದ, ಒಣಗಿ ಸಾಲುಗಟ್ಟಿದ ಕಣಗಳ ಉದ್ದದಿಂದ, ಮತ್ತು ತೂಕ ಗೊತ್ತಿರುವ ಕಣಗಳನ್ನು ಎಣಿಸಿ. ಮೂರೂ ತಾಳೆಯಾದವು. ಪ್ರಯೋಗದ ಜೀವ ಇರುವುದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಕುಣಿತ 1827ರಲ್ಲೇ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಕಣ್ಣಿಗೆ ಬಿದ್ದಿತ್ತು, ಕುಣಿತವನ್ನು ತ್ರಿಜ್ಯಕ್ಕೆ ಜೋಡಿಸುವ ಸೂತ್ರ 1905ರಲ್ಲಿ ಐನ್‌ಸ್ಟೈನ್ ಕೊಟ್ಟಾಗಿತ್ತು.

ಈಗ ಸ್ಲೈಡ್. 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ವ್ಯಾಸದ ಪಾಲಿಸ್ಟೈರೀನ್ ಮಣಿಗಳು, ಶೇ 2.5ರ ದ್ರಾವಣ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ 10 ಮೈಕ್ರೋಲೀಟರ್ ತೆಗೆದು 990 ಮೈಕ್ರೋಲೀಟರ್ ನೀರಿಗೆ. ಅದರಿಂದ 20 ತೆಗೆದು 980ಕ್ಕೆ. ಒಟ್ಟು 5000 ಪಟ್ಟು ತೆಳು. 40 ಪಟ್ಟಿನ ಮಸೂರದಲ್ಲಿ ಒಂದು ನೋಟಕ್ಕೆ ಐದಾರು ಮಣಿ ಸಿಗುತ್ತವೆ. ನೀರು ಹೊಸ ಡಿಸ್ಟಿಲ್ಡ್ ನೀರೇ ಆಗಬೇಕು. ಉಪ್ಪಿನಂಶವಿದ್ದರೆ ಮಣಿಗಳು ಮುದ್ದೆಗಟ್ಟಿ ಗಾಜಿಗೆ ಅಂಟುತ್ತವೆ. ವಾರಗಟ್ಟಲೆ ಇಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾ ಈಜಾಡುತ್ತಿರುತ್ತವೆ, ಅವು ನೇರ ಓಡುವುದರಿಂದ ಗುರುತು ಸಿಗುತ್ತದೆ. ಹಾಲಿನ ಹನಿ ತೋರಿಸಲಿಕ್ಕೆ ಚಂದ. ಕೊಬ್ಬಿನ ಗೋಲಗಳು ನಾನಾ ಗಾತ್ರದವು, ಲೆಕ್ಕಕ್ಕೆ ಬರುವುದಿಲ್ಲ.

ಸುಮಾರು 100 ಮೈಕ್ರಾನ್ ದಪ್ಪದ ಎರಡೂ ಬದಿ ಅಂಟುವ ಟೇಪನ್ನು ಸ್ಲೈಡಿಗೂ ಕವರ್‌ಸ್ಲಿಪ್ಪಿಗೂ ನಡುವೆ ಇಟ್ಟು, ಗುಳ್ಳೆ ಬಾರದಂತೆ ತುಂಬಿ, ಅಂಚಿಗೆ ನೇಲ್ ಪಾಲಿಶ್ ಹಚ್ಚಿ. ಸೀಲ್ ಸರಿಯಿಲ್ಲದಿದ್ದರೆ ನೀರು ಆವಿಯಾಗಿ ಎಲ್ಲ ಮಣಿಗಳೂ ಜಾತ್ರೆಗೆ ಹೊರಟಂತೆ ಒಂದೇ ಕಡೆ ಸಾಗುತ್ತವೆ. ಕುಣಿತಕ್ಕೆ ಮೇಜಿನ ಅದುರಾಟವೋ ನೀರಿನ ಹರಿವೋ ಕಾರಣ ಎನ್ನುವವರಿಗೆ ಉತ್ತರವೂ ಇದರಲ್ಲೇ ಇದೆ: ಹಾಗಿದ್ದರೆ ಅಕ್ಕಪಕ್ಕದ ಮಣಿಗಳು ಒಟ್ಟಿಗೆ ಚಲಿಸಬೇಕಿತ್ತು. ಸರಿಯಾದ ಸ್ಲೈಡಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಚಲಿಸುತ್ತವೆ.

ಫೋಕಸ್ ಸ್ಲೈಡಿಗೂ ಕವರ್‌ಸ್ಲಿಪ್ಪಿಗೂ ನಡುವಿನ ನೀರಿನ ಪದರದ ನಡುಮಧ್ಯಕ್ಕಿರಲಿ. ಮಣಿ ಸೆಕೆಂಡಿಗೆ ಸುಮಾರು 0.03 ಮೈಕ್ರಾನ್ ಇಳಿಯುತ್ತದೆ. ಗಂಟೆ ಬಿಟ್ಟು ನೋಡಿದರೆ ಹೆಚ್ಚಿನವು ತಳದಲ್ಲಿರುತ್ತವೆ. ಗಾಜಿನಿಂದ 2.5 ಮೈಕ್ರಾನ್ ದೂರದಲ್ಲೇ ಚಲನೆ ಶೇ 11ರಷ್ಟು ಕುಗ್ಗುತ್ತದೆ. ಅಂಟಿಕೊಂಡ ಮಣಿಯೊಂದು ಕಂಡರೆ ಅದನ್ನೂ ರೆಕಾರ್ಡ್ ಮಾಡಿ, ಕ್ಯಾಮೆರಾದ ಗದ್ದಲ (ನಾಯ್ಸ್, ಅಂದರೆ ಮಣಿ ನಿಂತಿದ್ದರೂ ಅಳತೆಯಲ್ಲಿ ಕಾಣುವ ಅಲುಗಾಟ) ಎಷ್ಟೆಂದು ಅದೇ ಹೇಳುತ್ತದೆ.

ಸೆಕೆಂಡಿಗೆ 10 ಚಿತ್ರ ಸಾಕು. ಮಣಿ ಬೇಗ ಫೋಕಸ್ ತಪ್ಪುವುದರಿಂದ 10 ಸೆಕೆಂಡಿನ 60 ತುಂಡುಗಳನ್ನು ಕೂಡಿಸಿ. 1 ಸೆಕೆಂಡಿನ ಹೆಜ್ಜೆ ತೆಗೆದುಕೊಂಡರೆ ಎರಡೂ ದಿಕ್ಕು ಸೇರಿ 1200 ಹೆಜ್ಜೆ, ಎಣಿಕೆಯ ದೋಷ ಸುಮಾರು ಶೇ 4. ಅಳತೆಪಟ್ಟಿಗೆ ಸ್ಟೇಜ್ ಮೈಕ್ರೋಮೀಟರನ್ನೇ (ನಿಖರ ಅಳತೆಯ ಗೆರೆಗಳಿರುವ ಸ್ಲೈಡ್) ಬಳಸಿ, ಸಾಫ್ಟ್‌ವೇರ್ ಹೇಳಿದ್ದನ್ನು ನಂಬಬೇಡಿ. ಉದ್ದದಲ್ಲಿ ಶೇ 5 ತಪ್ಪಿದರೆ ವರ್ಗವಾಗಿ ಶೇ 10 ಆಗುತ್ತದೆ.

ಒಂದು ದಿಕ್ಕಿನ ಸ್ಥಾನಪಲ್ಲಟದ ವರ್ಗದ ಸರಾಸರಿಯನ್ನು ಕಾಲಕ್ಕೆ ಎದುರಾಗಿ ಗ್ರಾಫ್ ಹಾಕಿ, ಇಳಿಜಾರು ತೆಗೆಯಿರಿ. ಒಂದೇ ಬಿಂದುವಿನಿಂದ ಲೆಕ್ಕ ಮಾಡಬೇಡಿ. ಕ್ಯಾಮೆರಾದ ಗದ್ದಲ ಗೆರೆಯನ್ನು ಮೇಲೆತ್ತುತ್ತದೆ, ಇಳಿಜಾರನ್ನು ಕೆಡಿಸುವುದಿಲ್ಲ. 25 ಡಿಗ್ರಿಯಲ್ಲಿ ಇಳಿಜಾರು ಸೆಕೆಂಡಿಗೆ 0.98 ಚದರ ಮೈಕ್ರಾನ್ ಆಸುಪಾಸು ಬರಬೇಕು. ಅದರ ಅರ್ಧ, 0.49, ವಿಸರಣ ಗುಣಾಂಕ (ಮಣಿ ಎಷ್ಟು ಬೇಗ ಹರಡಿಹೋಗುತ್ತದೆ ಎಂಬುದರ ಅಳತೆ). ಇದನ್ನು 6 ಪೈ, ಸ್ನಿಗ್ಧತೆ, ತ್ರಿಜ್ಯಗಳಿಂದ ಗುಣಿಸಿ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ 1.38 × 10⁻²³, ಅದೇ ಬೋಲ್ಟ್ಸ್‌ಮನ್ ಸ್ಥಿರಾಂಕ. ಅನಿಲ ಸ್ಥಿರಾಂಕ 8.314ನ್ನು ಅದರಿಂದ ಭಾಗಿಸಿದರೆ ಅವೊಗ್ಯಾಡ್ರೊ ಸಂಖ್ಯೆ. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ 1.00, 25ರಲ್ಲಿ 0.89, 30ರಲ್ಲಿ 0.80 ಮಿಲಿಪ್ಯಾಸ್ಕಲ್-ಸೆಕೆಂಡ್. ದೀಪದ ಶಾಖ ಸ್ಲೈಡನ್ನು ಬಿಸಿ ಮಾಡಿರುತ್ತದೆ; ಗೋಡೆಯ ಥರ್ಮಾಮೀಟರ್ ನೋಡಿ ಬರೆದರೆ ಪ್ರತಿ ಡಿಗ್ರಿಗೆ ಶೇ 2ರ ತಪ್ಪು.

ಕಂಡದ್ದು ಮಣಿ, ಅಣು ಎಲ್ಲಿ ಕಂಡಿತು ಎಂಬ ಪ್ರಶ್ನೆ ವೈವಾದಲ್ಲಿ ಬಂದೇ ಬರುತ್ತದೆ, ಬರಲೂ ಬೇಕು. ಒಂದು ಪ್ರಯೋಗದ ಸಂಖ್ಯೆಗೆ ಅಷ್ಟು ಬಲವಿಲ್ಲ. ಪೆರಿನ್‌ಗೆ ಸಿಕ್ಕಿದ್ದು 7 × 10²³ರ ಆಸುಪಾಸು. ಆದರೆ ಆಕಾಶದ ನೀಲಿಯಿಂದ, ರೇಡಿಯಂ ಉಗುಳುವ ಹೀಲಿಯಂ ಎಣಿಕೆಯಿಂದ, ಕಪ್ಪುಕಾಯದ (ಬಿದ್ದ ಬೆಳಕನ್ನೆಲ್ಲ ಹೀರುವ ವಸ್ತುವಿನ) ವಿಕಿರಣದಿಂದ ಬಂದ ಸಂಖ್ಯೆಗಳೂ ಅಲ್ಲೇ ಸುತ್ತಾಡಿದವು. ಇವಕ್ಕೂ ನೀರಿನ ಸ್ನಿಗ್ಧತೆಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅಣುಗಳನ್ನು ಒಪ್ಪದಿದ್ದ ರಸಾಯನವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅಂಥವರೂ 1909ರ ಹೊತ್ತಿಗೆ ಒಪ್ಪಿಕೊಂಡರು.

ಸಮಯವಿದ್ದರೆ 0.5 ಮೈಕ್ರಾನ್ ಮಣಿಯಲ್ಲೂ ಮಾಡಿಸಿ. ಇಳಿಜಾರು ಎರಡು ಪಟ್ಟಾಗಬೇಕು, ಕೊನೆಯ ಸಂಖ್ಯೆ ಅಲುಗಬಾರದು. ಅಲುಗಿದರೆ ಮೊದಲು ತ್ರಿಜ್ಯ, ಆಮೇಲೆ ಗಾಜಿನಿಂದ ಇರುವ ದೂರ ನೋಡಿ.