ಹದಿನಾಲ್ಕಕ್ಕೆ ಇಳಿದ ಅಪ್ಪ

"ಅಪ್ಪಾಜಿ ಹದಿನಾಲ್ಕಕ್ಕೆ ಇಳಿದುಬಿಟ್ರು ಸರ್." ಮಂಗಳವಾರ ತಿಪಟೂರಿನ ಸೈಬರ್ ಸೆಂಟರಿನ ಹುಡುಗ ಅಂದ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಅರ್ಜಿಗೆ ಹಾಕುವ ಫೋಟೋ 20 ಕೆಬಿಗಿಂತ ಕಮ್ಮಿ ಇರಬಾರದು, 50 ದಾಟಬಾರದು. ನನ್ನ ಮೊಬೈಲಿನಲ್ಲಿ ಅಪ್ಪ 4.2 ಎಂಬಿ ಇದ್ದರು. ಹುಡುಗ ಕುಗ್ಗಿಸಿದ, ಕ್ವಾಲಿಟಿ ಇಳಿಸಿದ, ಒಂದೇ ಏಟಿಗೆ 14. ಕಾಮಾಲೆ ವಾಸಿಯಾದ ಮೇಲೆ ಅಪ್ಪನ ಮೈ ತುಂಬಾ ಇಳಿದಿದೆ. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಅವನಿಗೇನು ಗೊತ್ತು ಪಾಪ. "ಹದಿನಾಲ್ಕಕ್ಕೆ ಇಳಿದುಬಿಟ್ರು, ಸ್ವಲ್ಪ ಏರಿಸ್ತೀನಿ ಇರಿ" ಎಂದು ಅದೇ ಸಣ್ಣ ಫೈಲನ್ನು ಇನ್ನೊಮ್ಮೆ ಸೇವ್ ಮಾಡಿ 26 ಮಾಡಿದ.

"ಹೋಗಿದ್ದು ವಾಪಸ್ ಬಂತೇನಪ್ಪ?" ಅಪ್ಪ ಕೇಳಿದರು.

"ಇಲ್ಲ ಯಜಮಾನ್ರೇ, ಸೈಜ್ ಅಷ್ಟೇ."

"ಹಂಗಾದ್ರೆ ನೀರು ಚಿಮುಕಿಸಿದ್ದೀಯ."

ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ ಹಗುರಾದ ಕೊಬ್ಬರಿಗೆ ತೂಕ ಬರಲೆಂದು ನೀರು ತಾಗಿಸುವವರನ್ನು ಅವರು ಮನುಷ್ಯರ ಲೆಕ್ಕಕ್ಕೇ ಇಡುವುದಿಲ್ಲ. ಅರ್ಜಿಯಲ್ಲಿ ಗುರುತಿನ ಚಿಹ್ನೆ 'ಬಲಗೆನ್ನೆಯ ಮೇಲೆ ಮಚ್ಚೆ' ಎಂದಿತ್ತು. ಸ್ಕ್ರೀನಿನಲ್ಲಿ ಮಚ್ಚೆಯೇ ಇಲ್ಲ; ಕೆನ್ನೆ ಸುಣ್ಣ ಬಳಿದ ಗೋಡೆಯಂತೆ ನುಣ್ಣಗಿತ್ತು.

ರಾತ್ರಿ ಕೂತು ಓದಿದೆ. ಫೋಟೋ ಕುಗ್ಗಿಸುವ ಜೆಪೆಗ್ ಎಂಬ ವಿಧಾನ ಚಿತ್ರವನ್ನು ಎಂಟಕ್ಕೆಂಟು ಚುಕ್ಕಿಗಳ ಚೌಕಗಳಾಗಿ ಸೀಳಿ, ಕಣ್ಣಿಗೆ ಅಷ್ಟಾಗಿ ತಿಳಿಯದ ಸಣ್ಣ ಏರಿಳಿತಗಳನ್ನು ಮೊದಲು ಕೈಬಿಡುತ್ತದಂತೆ. ಇದರ ಹಿಂದಿನ ಗಣಿತವನ್ನು ನಟರಾಜನ್, ಕೆ.ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದ ನಾಸಿರ್ ಅಹ್ಮದ್ ನಮ್ಮ ಬೆಂಗಳೂರಿನವರು, ಇಲ್ಲಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು! ದಿನಕ್ಕೆ ನೂರು ಗುಡ್ ಮಾರ್ನಿಂಗ್ ಫಾರ್ವರ್ಡ್ ಮಾಡುವ ನಮ್ಮ ಭಾವನಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ. ಆ ಗಣಿತ ಮಚ್ಚೆಯನ್ನು ಅಳಿಸುವುದಿಲ್ಲ. ಲೆಕ್ಕ ಹಾಕಿದ ಮೇಲೆ ಎಷ್ಟು ಉಳಿಸಬೇಕು, ಎಷ್ಟು ಬಿಡಬೇಕು ಅನ್ನುವುದು ಕ್ವಾಲಿಟಿ ಇಳಿಸುವವನ ಕೈಯಲ್ಲಿದೆ. ಹುಡುಗ ಕೆಟ್ಟವನಲ್ಲ, ಹಿಂದೆ ಆರು ಜನ ಕ್ಯೂನಲ್ಲಿದ್ದರು.

ಅವತ್ತು ಮಚ್ಚೆ ಕಾಣದ್ದು ನೋಡಿ ಅಲ್ಲೇ ಅವನಿಗೆ, ಒರಿಜಿನಲ್ಲಿಂದ ಮತ್ತೆ ಮಾಡು ಎಂದಿದ್ದೆ. ಗೊಣಗಿಕೊಂಡೇ ಮಾಡಿದ. 48 ಕೆಬಿ. ಅಪ್ಪ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ, ತಮ್ಮ ಕೆನ್ನೆ ಮುಟ್ಟಿಕೊಂಡು, "ಬಂತು" ಎಂದರು.

ಹೊರಗೆ ಸ್ಕೂಟರ್ ಹತ್ತುವಾಗ ಸೊಂಟ ಹಿಡಿದು ನಿಂತರು. "ಹದಿನಾಲ್ಕಕ್ಕೆ ಇಳಿದೋನಿಗೆ ಈ ಬೆಲ್ಟು ನಿಲ್ಲಲ್ಲ ಕಣೋ. ಇನ್ನೊಂದು ತೂತು ಹಾಕಿಸ್ಕೊಂಡು ಹೋಗೋಣ ನಡಿ."