ಕುಂಬಳೆಯಿಂದ ವಲಿಯಪರಂಬಕ್ಕೆ, ತೆಂಗು ನೋಡಲೆಂದೇ

ಮಂಗಳೂರಿನಿಂದ ಕಾಸರಗೋಡು ಕಡೆಗೆ ರೈಲು ಹತ್ತಿದರೆ ಬಲಗಡೆಯ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೇ ಇರುವುದು. ನೇತ್ರಾವತಿ ಸೇತುವೆ ದಾಟಿ, ಉಳ್ಳಾಲ ಕಳೆದು, ಮಂಜೇಶ್ವರ ಬರುವಷ್ಟರಲ್ಲಿ ತೆಂಗು ದಟ್ಟವಾಗುತ್ತದೆ. ಉಪ್ಪಳ, ಕುಂಬಳೆ, ಮೊಗ್ರಾಲು ಅಂತ ಹೊಳೆ ಬಂದಲ್ಲಿ ಮಾತ್ರ ಸ್ವಲ್ಪ ಬಯಲು, ಆಚೆ ದಡದಲ್ಲಿ ಮತ್ತೆ ತೆಂಗು. ಕಾಸರಗೋಡಿಗೆ ಬರುವವರು ಹೆಚ್ಚಾಗಿ ಬೇಕಲ ಕೋಟೆ ನೋಡಲು ಬರುತ್ತಾರೆ. ತೆಂಗಿನಮರ ಅವರ ಫೋಟೋದಲ್ಲಿ ಎಲ್ಲೋ ಹಿಂದೆ ನಿಂತಿರುತ್ತದೆ. ನನಗೆ ಬಹಳ ಕಾಲದಿಂದ ಆ ಮರಗಳನ್ನೇ ನೋಡಬೇಕು, ಅದರಲ್ಲೂ ಕತ್ತು ನೋಯುವಷ್ಟು ಎತ್ತರದ ಹಳೇ ಮರಗಳನ್ನು ಹತ್ತಿರ ನಿಂತು ನೋಡಬೇಕು ಅಂತ ಆಸೆ. ಕುಂಬಳೆಯಲ್ಲಿ ಅಕ್ಕನ ಮನೆ ಇದೆ. ಭಾವನಿಗೆ ತೆಂಗಿನ ವಿಷಯ ಅಂದರೆ ಊಟ ಬೇಡ. ಇನ್ನೇನು ಬೇಕು ಹೇಳಿ?

ಸಂಜೆ ಕುಂಬಳೆಯ ಕಡಲ ಕಡೆಗೆ ನಡೆದೆವು. ಹೊಯಿಗೆಯ, ಅಂದರೆ ಮರಳಿನ, ಅಂಚಿನಲ್ಲಿರುವ ಮರಗಳು ನೆಟ್ಟಗೆ ನಿಲ್ಲುವುದಿಲ್ಲ, ಬೆಳಕು ಜಾಸ್ತಿ ಇರುವ ಕಡೆಗೆ, ಅಂದರೆ ನೀರಿನ ಕಡೆಗೆ, ವಾಲಿಕೊಂಡು ಹೋಗಿ ತುದಿಯಲ್ಲಿ ಮತ್ತೆ ಮೇಲಕ್ಕೆ ತಿರುಗುತ್ತವೆ. ನಾನು ತಲೆ ಎತ್ತಿ ನೋಡುತ್ತಿದ್ದೆ. ಭಾವ ಹೆಗಲು ಮುಟ್ಟಿ, “ಮೇಲೆ ಆಮೇಲೆ ನೋಡುವಾ ಮಾರಾಯ, ಮೊದಲು ಇಲ್ಲಿ ನೋಡು” ಅಂತ ಕಾಂಡದ ಮೇಲೆ ಕೈಯಿಟ್ಟ.

ಕಾಂಡದ ತುಂಬ ಬಳೆ ಹಾಕಿದ ಹಾಗೆ ಗುರುತುಗಳು. ಒಂದು ಮಡಲು (ತೆಂಗಿನ ಸೋಗೆ) ಉದುರಿದ ಜಾಗದಲ್ಲಿ ಒಂದು ಗುರುತು. ಎತ್ತರದ ತಳಿಯ ಒಳ್ಳೆ ಮರ ವರ್ಷಕ್ಕೆ ಹೆಚ್ಚುಕಮ್ಮಿ 12ರಿಂದ 14 ಮಡಲು ಬಿಡುತ್ತದೆ, ಹತ್ತಿರ ಹತ್ತಿರ ತಿಂಗಳಿಗೊಂದು. ಹಾಗಾಗಿ ಗುರುತು ಎಣಿಸಿದರೆ ಮರದ ವಯಸ್ಸು ಸುಮಾರಾಗಿ ಸಿಗುತ್ತದೆ. ಬುಡದ ಹತ್ತಿರ ಅವು ದೂರ ದೂರ. ಮೇಲೆ ಹೋದ ಹಾಗೆ ಒತ್ತೊತ್ತಾಗಿ ಬರುತ್ತವೆ, ವಯಸ್ಸಾದ ಮರ ಎತ್ತರಕ್ಕೆ ಹೋಗುವುದು ನಿಧಾನ. ಭಾವ ಕೈಯಿಟ್ಟ ಮರದಲ್ಲಿ ಒಂದು ಕಡೆ ಯಾರೋ ಯಾವತ್ತೋ ಕತ್ತಿಯಲ್ಲಿ ಕಡಿದ ಕಚ್ಚು ಇತ್ತು. ಅಂಚು ನಯವಾಗಿದೆ, ಆದರೆ ಮುಚ್ಚಿಲ್ಲ. ಮಾವಿನ ಮರವಾದರೆ ಅಂಥ ಗಾಯದ ಸುತ್ತ ತೊಗಟೆ ಬೆಳೆದು ನಿಧಾನಕ್ಕೆ ಮುಚ್ಚಿಬಿಡುತ್ತದೆ. ತೆಂಗಿಗೆ ಆ ಶಕ್ತಿ ಇಲ್ಲ. ಅದರ ಕಾಂಡ ಒಮ್ಮೆ ಎಷ್ಟು ದಪ್ಪ ಬಂತೋ ಅಷ್ಟೇ. ಮೊದಲ ಕೆಲವು ವರ್ಷ ಸಸಿ ಮೇಲಕ್ಕೆ ಏರುವುದೇ ಇಲ್ಲ, ಬುಡವನ್ನು ಅಗಲ ಮಾಡಿಕೊಳ್ಳುತ್ತಾ ಕೂರುತ್ತದೆ, ಅದಾದ ಮೇಲೆಯೇ ಕಾಂಡ ಹೊರಗೆ ಕಾಣುವುದು. ಆ ಸಣ್ಣ ದಪ್ಪದಲ್ಲೇ 15-20 ಮೀಟರ್, ಕೆಲವು ಅದಕ್ಕೂ ಜಾಸ್ತಿ ಎತ್ತರ ಹೋಗಿ, ಜೂನ್-ಜುಲೈನ ಗಾಳಿಮಳೆಗೆ ಮೈಯೊಡ್ಡಿ 60-80 ವರ್ಷ ನಿಲ್ಲುತ್ತವಲ್ಲ, ಅದು ನನಗೆ ದೊಡ್ಡ ಅದ್ಭುತ.

ಸ್ವಲ್ಪ ಮುಂದೆ ಕಡಲು ಮಣ್ಣು ಕೊರೆದು ಹೋದ ಕಡೆ ಒಂದು ಮರದ ಬೇರು ಪೂರ್ತಿ ಹೊರಗೆ ಬಿದ್ದಿತ್ತು. ತಾಯಿಬೇರು ಅಂತ ಒಂದೂ ಇಲ್ಲ. ಬೆರಳು ದಪ್ಪದ ಕೆಂಪು-ಕಂದು ಬೇರುಗಳು, ಎಲ್ಲವೂ ಸುಮಾರು ಒಂದೇ ದಪ್ಪ, ಸಾವಿರಗಟ್ಟಲೆ. ಅರ್ಧ ಬುಡ ಗಾಳಿಯಲ್ಲಿದ್ದರೂ ಮೇಲೆ ಗೊನೆ ತುಂಬ ಕಾಯಿ. ಕಾಸರಗೋಡಿನ ಈ ಕರಾವಳಿಯಲ್ಲಿ ಕಡಲ್ಕೊರೆತ ಮಳೆಗಾಲದ ದೊಡ್ಡ ಸಂಕಟ. ಮೊದಲು ಹೋಗುವುದು ಈ ಅಂಚಿನ ತೆಂಗುಗಳೇ. ಕಲ್ಲು ತಂದು ತಡೆಗೋಡೆ ಕಟ್ಟುತ್ತಾರೆ, ಒಂದು ಕಡೆ ಕಟ್ಟಿದರೆ ಕಡಲು ಪಕ್ಕದಲ್ಲಿ ತಿನ್ನುತ್ತದೆ ಅಂತ ಅಲ್ಲಿ ಮೀನಿಗೆ ಹೋಗುವವರು ಹೇಳಿದರು. ಅವರ ಮನೆಗಳೂ ಅದೇ ಸಾಲಿನಲ್ಲಿವೆ.

ಮರುದಿನ ಕೂಡ್ಲು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೆದ್ದಾರಿ ಬದಿಯಲ್ಲೇ ಇದೆ, ಊರವರ ಬಾಯಲ್ಲಿ ಸಿಪಿಸಿಆರ್‌ಐ. ಇದು 1916ರಲ್ಲಿ ಮದ್ರಾಸ್ ಸರ್ಕಾರ ಶುರು ಮಾಡಿದ ತೆಂಗು ಸಂಶೋಧನಾ ಕೇಂದ್ರ. ಆಗ ಕಾಸರಗೋಡು ಮಂಗಳೂರಿನ ಜೊತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1956ರಲ್ಲಿ ಕೇರಳಕ್ಕೆ ಹೋಯಿತು, 1970ರಲ್ಲಿ ಕೇಂದ್ರಕ್ಕೆ ಈಗಿನ ರೂಪ ಬಂತು. ತೆಂಗಿನಲ್ಲಿ ಎತ್ತರದ ತಳಿ ಮತ್ತು ಗಿಡ್ಡ ತಳಿಯನ್ನು ಕೂಡಿಸಿ ಹೈಬ್ರಿಡ್ ಮಾಡಿದ ಮೊದಲ ಕೆಲಸ ನಡೆದದ್ದೂ ಇದೇ ಜಿಲ್ಲೆಯ ನೀಲೇಶ್ವರದಲ್ಲಿ, 1932ರಲ್ಲಿ. ಇದನ್ನು ಕೇಳಿ ನನಗೆ ನಿಜವಾಗಿ ಹೆಮ್ಮೆಯಾಯಿತು. ಶಾಲೆಯಲ್ಲಿ ಇದನ್ನು ಯಾರೂ ನಮಗೆ ಹೇಳಿರಲಿಲ್ಲ.

ಈಗ ಹೆಚ್ಚಿನವರು ಗಿಡ್ಡ ತಳಿ ಅಥವಾ ಹೈಬ್ರಿಡ್ ಸಸಿ ಕೇಳುತ್ತಾರೆ. ಕಾರಣ ಗೊತ್ತೇ ಇದೆ, ಮರ ಹತ್ತುವವರು ಸಿಗುವುದಿಲ್ಲ. ಗಿಡ್ಡ ಮರ ಮೂರು-ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತದೆ, ನೆಲದಲ್ಲಿ ನಿಂತೇ ಬೊಂಡ (ಎಳನೀರು) ಕೊಯ್ಯಬಹುದು. ಎತ್ತರದ್ದಕ್ಕೆ ಆರೇಳು ವರ್ಷ ಕಾಯಬೇಕು. ಅಂಗಳದಲ್ಲಿ ಎರಡು ಗಿಡ್ಡ ಮರ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಎಣ್ಣೆಗೆ, ಕೊಬ್ಬರಿಗೆ, ಗಾಳಿಗೆ, ಬರಕ್ಕೆ ತಡೆದುಕೊಳ್ಳುವುದಕ್ಕೆ ನಮ್ಮ ಪಶ್ಚಿಮ ಕರಾವಳಿಯ ಎತ್ತರದ ತಳಿಯೇ ಗಟ್ಟಿ. ಹತ್ತಲು ಜನ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಹಳೇ ಮರ ಕಡಿಸಿಬಿಡುವುದು ಸರಿಯಲ್ಲ. ಯಂತ್ರದಲ್ಲಿ ಮರ ಹತ್ತುವ ತರಬೇತಿ ಈಗ ಹುಡುಗಿಯರೂ ಪಡೆಯುತ್ತಿದ್ದಾರೆ, ಅವರಿಗೆ ಕೆಲಸ ಕೊಡೋಣ ಅಲ್ವಾ?

ಬೇಕಲಕ್ಕೂ ಹೋದೆವು. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ. ಒಳಗಿನ ವೀಕ್ಷಣಾ ಬುರುಜಿನ ಮೇಲೆ ನಿಂತರೆ ತೆಂಗಿನ ತಲೆಗಳನ್ನು ಕಣ್ಣಿನ ಮಟ್ಟದಲ್ಲಿ ನೋಡಬಹುದು. ಗಾಳಿ ಬಂದಾಗ ಮಡಲು ಪೂರ್ತಿ ಎದುರು ನಿಲ್ಲುವುದಿಲ್ಲ. ಗರಿ ಗರಿಯಾಗಿ ಸೀಳಿರುವುದರಿಂದ ಗಾಳಿ ನಡುವೆ ನುಗ್ಗಿ ಹೋಗುತ್ತದೆ. ಕೆಲವು ಮಡಲುಗಳು ಕತ್ತರಿಯಲ್ಲಿ ಕೊರೆದಂತೆ ತ್ರಿಕೋನವಾಗಿ ತುಂಡಾಗಿದ್ದವು. ಅದು ಕುರುವಾಯಿ ದುಂಬಿಯ ಕೆಲಸ. ಇನ್ನೂ ಬಿಚ್ಚಿಕೊಳ್ಳದ ಸುಳಿಯನ್ನು ಅದು ಕೊರೆದಿರುತ್ತದೆ, ಮಡಲು ಬಿಚ್ಚಿಕೊಂಡಾಗ ನಮಗೆ ಗೊತ್ತಾಗುವುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜಿಲ್ಲೆಯ ದಕ್ಷಿಣ ತುದಿಯ ವಲಿಯಪರಂಬ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಉದ್ದಕ್ಕೆ ಚಾಚಿದ ಹೊಯಿಗೆಯ ಪಟ್ಟಿ, ಅದರ ತುಂಬ ತೆಂಗು. ಕೆಲವು ಕಡೆ ಒಂದು ದಡದಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ನಡಿಗೆ. ಅಲ್ಲೊಬ್ಬರು ವಯಸ್ಸಾದವರು ಮರದ ಬುಡದಿಂದ ಸ್ವಲ್ಪ ದೂರ ಗುಂಡಿ ತೋಡಿ ತೆಂಗಿನ ಸಿಪ್ಪೆ ಜೋಡಿಸುತ್ತಿದ್ದರು. ಒಳಮೈ ಮೇಲೆ ಬರುವ ಹಾಗೆ ಸಾಲು ಸಾಲಾಗಿ ಇಟ್ಟು ಮಧ್ಯೆ ಮಣ್ಣು ಹಾಕುವುದು. ಹೊಯಿಗೆಯಲ್ಲಿ ನೀರು ನಿಲ್ಲುವುದಿಲ್ಲ, ಸಿಪ್ಪೆ ಹೀರಿಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ಒಮ್ಮೆ ಹೂತರೆ ಐದಾರು ವರ್ಷ ಬಾಳಿಕೆ ಬರುತ್ತದಂತೆ. ಅವರಿಗೆ ಮಲಯಾಳ ಮಾತ್ರ, ನನಗೆ ಕನ್ನಡ, ತುಳು. ಭಾವನಿಗೆ ಮೂರೂ ಬರುತ್ತದೆ. ಅವರೇ ಬೊಂಡ ಕೆತ್ತಿ ಕೊಟ್ಟರು, ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹೂ ಬಿಟ್ಟು ಏಳು ತಿಂಗಳ ಸುಮಾರಿಗೆ ನೀರು ಹೆಚ್ಚು, ಸಿಹಿಯೂ ಹೆಚ್ಚು. ಬಲಿತು ಕಾಯಿಯಾಗಲು 11-12 ತಿಂಗಳು ಬೇಕು. ಒಂದೇ ಮರದಲ್ಲಿ ಬಿಚ್ಚದ ಹೊಂಬಾಳೆ, ಮುಷ್ಟಿಯಷ್ಟು ಮಿಡಿ, ಬೊಂಡ, ಒಣಗಿದ ಕಾಯಿ ಎಲ್ಲವೂ ಒಟ್ಟಿಗೆ ಇರುವುದನ್ನು ಅವರು ಬೆರಳು ತೋರಿಸಿ ತೋರಿಸಿ ಹೇಳಿದರು.

ಮಳೆಗಾಲ ಕಳೆದು ಅಕ್ಟೋಬರ್ ನಂತರ ಹೋದರೆ ಒಳ್ಳೆಯದು. ಕಾಯಿ ಇರುವ ಮರದ ನೇರ ಕೆಳಗೆ ಮಾತ್ರ ಕೂರಬೇಡಿ, ಮಕ್ಕಳಿದ್ದರಂತೂ ಜಾಗ್ರತೆ. ಭಾವ ಈಗ ಅವನ ತೋಟದ ಹಳೇ ಮರವೊಂದನ್ನು ಬೀಜಕ್ಕೆ ಅಂತ ಬಿಟ್ಟಿದ್ದಾನೆ. 20 ವರ್ಷ ದಾಟಿರಬೇಕು, ತಲೆಯಲ್ಲಿ 30ಕ್ಕಿಂತ ಹೆಚ್ಚು ಮಡಲು ಇರಬೇಕು, ವರ್ಷಕ್ಕೆ 80 ಕಾಯಿ ಆದರೂ ಕೊಡಬೇಕು, ಅಂಥದ್ದನ್ನೇ ತಾಯಿಮರ ಅಂತ ಆರಿಸುವುದು. ಬೀಜದ ಗೊನೆಯನ್ನು ಮೇಲಿಂದ ಎಸೆಯುವುದಿಲ್ಲ, ಪೆಟ್ಟಾಗಬಾರದೆಂದು ಹಗ್ಗ ಕಟ್ಟಿ ಇಳಿಸುತ್ತಾರೆ. ಮೊಳಕೆ ಬಂದ ಮೇಲೆ ಒಂದು ಸಸಿ ನನಗೂ ಕೊಡುತ್ತೇನೆ ಅಂದಿದ್ದಾನೆ. ಎತ್ತರದ ತಳಿಯದ್ದೇ ಬೇಕು ಅಂತ ಹೇಳಿಟ್ಟಿದ್ದೇನೆ.